ಗ್ಯಾರೇಜ್ ಬಾಗಿಲನ್ನು ಹೋಮ್ ಆಟೊಮೇಷನ್‌ಗೆ ಜೋಡಿಸುವುದು: ಮೊದಲು ಸೆನ್ಸರ್, ಆಮೇಲೆ ರಿಲೇ

ಮೂರು ದೂರುಗಳು ಪದೇಪದೇ ಬರುತ್ತಿವೆ. "ಆ್ಯಪ್‌ನಲ್ಲಿ ಮುಚ್ಚಿದೆ ಅಂತ ತೋರಿಸುತ್ತದೆ, ಹೋಗಿ ನೋಡಿದರೆ ಬಾಗಿಲು ಪೂರ್ತಿ ತೆರೆದಿರುತ್ತದೆ." "ಕರೆಂಟ್ ಹೋಗಿ ಬಂದ ಕೂಡಲೇ ಬಾಗಿಲು ತಾನಾಗಿಯೇ ತೆರೆದುಕೊಂಡಿತು." "ರಿಲೇ ಟಿಕ್ ಅನ್ನುತ್ತದೆ, ಬಾಗಿಲು ಮಾತ್ರ ಅಲ್ಲಾಡುವುದಿಲ್ಲ." ಮೂರರ ಹಿಂದೆಯೂ ಹೆಚ್ಚು ಕಡಿಮೆ ಒಂದೇ ಕಾರಣ ಇದೆ. ಕೆಲಸದ ಕ್ರಮ ತಿರುಗಾಮುರುಗಾ ಆಗಿರುತ್ತದೆ. ಎಲ್ಲರೂ ಮೊದಲು ರಿಲೇ (ಫೋನಿನ ಆಜ್ಞೆಯಂತೆ ಬಟನ್ ಒತ್ತುವ ಸಣ್ಣ ವಿದ್ಯುತ್ ಸ್ವಿಚ್) ತಂದು ಹಾಕುತ್ತಾರೆ, ಬಾಗಿಲು ಫೋನಿನಿಂದ ತೆರೆದ ಖುಷಿಯಲ್ಲಿ ಉಳಿದದ್ದನ್ನು ಆಮೇಲೆ ನೋಡೋಣ ಅಂದುಕೊಳ್ಳುತ್ತಾರೆ.

ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಹೆಚ್ಚಿನ ಓಪನರ್‌ಗಳಿಗೆ, ಅಂದರೆ ಬಾಗಿಲನ್ನು ಎತ್ತಿ ಇಳಿಸುವ ಮೋಟಾರ್ ಯಂತ್ರಗಳಿಗೆ, ಗೊತ್ತಿರುವುದು ಒಂದೇ ಸಂಕೇತ: ಬಟನ್ ಒತ್ತಿತು. ಒಮ್ಮೆ ಒತ್ತಿದರೆ ತೆರೆಯುತ್ತದೆ, ನಡುವೆ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. "ತೆರೆ" ಮತ್ತು "ಮುಚ್ಚು" ಅಂತ ಬೇರೆ ಬೇರೆ ಆಜ್ಞೆ ಇರುವುದಿಲ್ಲ, ತಾನು ಈಗ ಯಾವ ಸ್ಥಿತಿಯಲ್ಲಿದ್ದೇನೆ ಅಂತ ಓಪನರ್ ಹೇಳುವುದೂ ಇಲ್ಲ. ಹಾಗಾಗಿ ಬಾಗಿಲು ಎಲ್ಲಿದೆ ಅನ್ನುವುದನ್ನು ನಾವು ಹಾಕುವ ಸೆನ್ಸರ್ ಹೇಳಬೇಕು. ಸೆನ್ಸರ್ ಇಲ್ಲದ ರಿಲೇ ಅಂದರೆ ಕಣ್ಣುಮುಚ್ಚಿಕೊಂಡು ಬಟನ್ ಒತ್ತುವುದು, ಅಷ್ಟೇ.

ಇನ್ನೊಂದು ಮಾತು. ಈ ಬಾಗಿಲು ಭಾರವಾದದ್ದು. ಕೆಳಗೆ ಮಗು, ನಾಯಿ, ಕಾರಿನ ಬಾನೆಟ್ ಏನು ಬೇಕಾದರೂ ಇರಬಹುದು. ದೀಪದ ಸ್ವಿಚ್ಚನ್ನು ಸ್ಮಾರ್ಟ್ ಮಾಡುವ ಧೈರ್ಯದಲ್ಲಿ ಇದಕ್ಕೆ ಕೈಹಾಕಬೇಡಿ.

ಹಂತ 1: ಬಾಗಿಲು ಆರೋಗ್ಯವಾಗಿದೆಯಾ ನೋಡಿ

ವೈರ್ ಮುಟ್ಟುವ ಮೊದಲು ಬಾಗಿಲನ್ನು ಪರೀಕ್ಷಿಸಿ. ಬಾಗಿಲು ಪೂರ್ತಿ ಮುಚ್ಚಿರುವಾಗ ಮೋಟಾರ್ ಹಳಿಯಿಂದ ನೇತಾಡುವ ತುರ್ತು ಹಗ್ಗವನ್ನು ಎಳೆಯಿರಿ. ಸಾಮಾನ್ಯವಾಗಿ ಅದಕ್ಕೆ ಕೆಂಪು ಹಿಡಿ ಇರುತ್ತದೆ. ತೆರೆದಿರುವಾಗ ಎಳೆಯಬೇಡಿ. ಸ್ಪ್ರಿಂಗ್ ಸೋತಿದ್ದರೆ ಬಾಗಿಲು ಧೊಪ್ಪನೆ ಕೆಳಗೆ ಬರುತ್ತದೆ.

ಈಗ ಕೈಯಿಂದ ಎತ್ತಿ ಸೊಂಟದ ಮಟ್ಟಕ್ಕೆ ತನ್ನಿ, ನಿಧಾನವಾಗಿ ಹಿಡಿತ ಸಡಿಲಿಸಿ. ಬಾಗಿಲು ಅಲ್ಲೇ ನಿಲ್ಲಬೇಕು, ಅಥವಾ ತೀರಾ ಸ್ವಲ್ಪ ಜರುಗಬೇಕು. ಕೆಳಗೆ ಜಾರಿದರೆ ಅಥವಾ ಮೇಲಕ್ಕೆ ಹಾರಿದರೆ ಸ್ಪ್ರಿಂಗ್ ಸರಿಯಿಲ್ಲ. ಅದನ್ನು ನೀವೇ ಬಿಗಿ ಮಾಡಲು ಹೋಗಬೇಡಿ. ಬಾಗಿಲಿನ ಪೂರ್ತಿ ಭಾರವನ್ನು ಹೊರುವ ಬಿಗಿತ ಆ ಸ್ಪ್ರಿಂಗ್‌ನಲ್ಲಿ ಇರುತ್ತದೆ, ಕೈ ಮುರಿಯುವುದಕ್ಕೆ ಅಷ್ಟು ಸಾಕು. ಅದು ಬಾಗಿಲು ರಿಪೇರಿಯವರ ಕೆಲಸ.

ಮೋಟಾರ್‌ಗೆ ಮತ್ತೆ ಜೋಡಿಸಿದ ಮೇಲೆ ಇನ್ನೆರಡು ಪರೀಕ್ಷೆ ಇವೆ. ಸುಮಾರು 4 ಸೆಂ.ಮೀ. ದಪ್ಪದ ಮರದ ತುಂಡನ್ನು ಬಾಗಿಲ ಕೆಳಗೆ ಅಡ್ಡಲಾಗಿ ಮಲಗಿಸಿ ಮುಚ್ಚಿ. ಬಾಗಿಲು ಮರಕ್ಕೆ ತಾಗಿದ ಕೂಡಲೇ ವಾಪಸ್ ಏರಬೇಕು. ಆಮೇಲೆ ಬಾಗಿಲು ಇಳಿಯುತ್ತಿರುವಾಗ ಕೆಳಗಿನ ಬೀಮ್ ಸೆನ್ಸರ್‌ಗೆ (ಬಾಗಿಲ ಎರಡೂ ಬದಿಯಿಂದ ಕಾಣದ ಬೆಳಕಿನ ಗೆರೆ ಎಳೆದು ಅಡ್ಡ ಬಂದದ್ದನ್ನು ಗುರುತಿಸುವ ಜೋಡಿ) ಉದ್ದದ ಕೋಲಿನಿಂದ ಅಡ್ಡ ಹಿಡಿಯಿರಿ, ಆಗಲೂ ವಾಪಸ್ ಏರಬೇಕು. ಬೀಮ್ ಸೆನ್ಸರ್‌ಗಳು ನೆಲದಿಂದ 15 ಸೆಂ.ಮೀ. ಒಳಗೇ ಇರಬೇಕು. ತೊಂದರೆ ಕೊಡುತ್ತದೆ ಅಂತ ಕೆಲವರು ಎರಡನ್ನೂ ಮುಖಾಮುಖಿ ಮಾಡಿ ಮೇಲೆ ಛಾವಣಿಗೆ ಅಂಟಿಸಿರುತ್ತಾರೆ. ಅಂಥ ಬಾಗಿಲಿಗೆ ಆಟೊಮೇಷನ್ ಬೇಡವೇ ಬೇಡ. ಮೊದಲು ಅದನ್ನು ಕೆಳಗಿಳಿಸಿ.

ಬೀಮ್ ಸೆನ್ಸರ್ ಇಲ್ಲದ ಹಳೆಯ ಓಪನರ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಹಂತ 5ರಲ್ಲಿ ಹೇಳುವ ಬಾಗಿಲ ಸ್ಥಿತಿಯ ಸೆನ್ಸರ್ ಮಾತ್ರ ಹಾಕಿ ಬಾಗಿಲು ತೆರೆದಿದೆಯಾ ಅಂತ ಫೋನಿನಲ್ಲಿ ನೋಡಿಕೊಳ್ಳಿ, ದೂರದಿಂದ ಮುಚ್ಚುವ ಆಸೆ ಬಿಡಿ.

ಹಂತ 2: ನಿಮ್ಮ ಓಪನರ್ ಯಾವ ಜಾತಿಯದು ಕಂಡುಕೊಳ್ಳಿ

ಹೆಚ್ಚು ಜನ ಹಣ ಕಳೆದುಕೊಳ್ಳುವುದು ಇಲ್ಲಿ. ಓಪನರ್ ನೋಡದೆ ರಿಲೇ ಕೊಂಡಿರುತ್ತಾರೆ.

ಮೊದಲ ಬಗೆ ಸರಳ. ಗೋಡೆಯ ಬಟನ್‌ನಿಂದ ಎರಡು ವೈರ್ ಮೋಟಾರ್‌ಗೆ ಹೋಗುತ್ತವೆ, ಬಟನ್ ಒತ್ತಿದಾಗ ಆ ಎರಡು ವೈರ್ ಒಂದಕ್ಕೊಂದು ಸೇರುತ್ತವೆ. ಕಾಲಿಂಗ್ ಬೆಲ್ ಬಟನ್ ಥರ. ಇದಕ್ಕೆ ಯಾವ ಡ್ರೈ ಕಾಂಟ್ಯಾಕ್ಟ್ ರಿಲೇ (ತಾನು ಕರೆಂಟ್ ಕಳಿಸದೆ ಬರೀ ವೈರ್ ಸೇರಿಸುವುದು) ಆದರೂ ನಡೆಯುತ್ತದೆ.

ಎರಡನೆಯದರಲ್ಲಿ ಟರ್ಮಿನಲ್‌ಗಳ ಸಾಲೇ ಇರುತ್ತದೆ, ಅದರಲ್ಲಿ ಒಂದು ಜೋಡಿಗೆ "ಸ್ಟಾರ್ಟ್" ಅಥವಾ "ಇಂಪಲ್ಸ್" ಅನ್ನುವ ಅರ್ಥದ ಗುರುತು ಇರುತ್ತದೆ. ರಿಲೇ ಅಲ್ಲಿಗೆ ಹೋಗಬೇಕು. ಪಕ್ಕದಲ್ಲೇ ಬೀಮ್ ಸೆನ್ಸರ್‌ನ ಟರ್ಮಿನಲ್, ದೀಪದ ಟರ್ಮಿನಲ್ ಇರುತ್ತವೆ. ದೀಪದ ಟರ್ಮಿನಲ್‌ನಲ್ಲಿ ಮೇನ್ಸ್ ಕರೆಂಟ್ (ಮನೆಯ ಗೋಡೆ ಪ್ಲಗ್‌ನಲ್ಲಿ ಬರುವ ಅಪಾಯದ ಕರೆಂಟ್) ಇರಬಹುದು, ಆದ್ದರಿಂದ ಕೈಪಿಡಿ ನೋಡದೆ ಊಹೆಯ ಮೇಲೆ ಯಾವುದನ್ನೂ ಮುಟ್ಟಬೇಡಿ.

ಮೂರನೆಯದು ತಲೆನೋವಿನದು. ಚೇಂಬರ್ಲೇನ್, ಲಿಫ್ಟ್‌ಮಾಸ್ಟರ್ ಓಪನರ್‌ಗಳಲ್ಲಿ "ಲರ್ನ್" ಬಟನ್ (ಹೊಸ ರಿಮೋಟನ್ನು ಓಪನರ್‌ಗೆ ಪರಿಚಯಿಸುವ ಬಟನ್) ಹಳದಿ ಬಣ್ಣದ್ದಾಗಿದ್ದರೆ ಅದು ಸೆಕ್ಯೂರಿಟಿ ಪ್ಲಸ್ 2.0. 2011ರಿಂದ ಈ ಬಗೆ ಬಂದಿದೆ. ಇದರಲ್ಲಿ ಗೋಡೆಯ ಪ್ಯಾನೆಲ್ ಮತ್ತು ಮೋಟಾರ್ ಆ ಎರಡು ವೈರ್‌ಗಳ ಮೇಲೆ ಡಿಜಿಟಲ್ ಸಂಕೇತದಲ್ಲಿ ಮಾತಾಡುತ್ತವೆ. ಸುಮ್ನೆ ವೈರ್ ಸೇರಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. "ರಿಲೇ ಟಿಕ್ ಅನ್ನುತ್ತದೆ, ಬಾಗಿಲು ಅಲ್ಲಾಡುವುದಿಲ್ಲ" ಅನ್ನುವವರಲ್ಲಿ ಬಹಳ ಜನರ ಓಪನರ್ ಇದೇ. ನೇರಳೆ, ಕೆಂಪು, ಕಿತ್ತಳೆ, ಹಸಿರು ಬಟನ್ ಇದ್ದರೆ ಹಳೆಯ ತಲೆಮಾರಿನದು, ಅವು ಸರಳ ರಿಲೇಗೆ ಒಪ್ಪುತ್ತವೆ.

ಇದೇ ಕಂಪನಿಯ ಮೈಕ್ಯೂ ಆ್ಯಪ್ ಮೂಲಕ ಜೋಡಿಸುವ ಹಳೆಯ ಬರಹಗಳನ್ನು ನಂಬಿ ಸಮಯ ಹಾಳುಮಾಡಬೇಡಿ. 2023ರ ಅಕ್ಟೋಬರ್‌ನಲ್ಲಿ ಕಂಪನಿ ಹೊರಗಿನ ಸಾಫ್ಟ್‌ವೇರ್‌ಗಳಿಗೆ ಆ ದಾರಿ ಮುಚ್ಚಿತು, ಅದೇ ವರ್ಷದ ಡಿಸೆಂಬರ್ ಆವೃತ್ತಿಯಲ್ಲಿ ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೆಡೆ ನಡೆಸುವ ಸಾಫ್ಟ್‌ವೇರ್) ಕೂಡ ಮೈಕ್ಯೂ ಜೋಡಣೆಯನ್ನು ತೆಗೆದುಹಾಕಿತು. ಬೇರೆ ಯಾವುದೇ ಕಂಪನಿಯ ಕ್ಲೌಡ್‌ಗೂ ಈ ಗತಿ ಬರಬಹುದು ಅಲ್ವಾ? ಅದಕ್ಕೇ ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಮುಗಿಯುವ ಜೋಡಣೆ ಬೇಕು.

ಹಂತ 3: ತುಂಡು ವೈರಿನ ಪರೀಕ್ಷೆ

ಏನನ್ನೂ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಒಂದು ಗೇಣು ತೆಳು ವೈರ್ ತೆಗೆದುಕೊಂಡು ಎರಡೂ ತುದಿಯ ಪ್ಲಾಸ್ಟಿಕ್ ಸುಲಿಯಿರಿ. ಬಾಗಿಲ ಕೆಳಗೆ ಯಾರೂ ಇಲ್ಲ ಅಂತ ನೋಡಿಕೊಳ್ಳಿ. ಮೋಟಾರ್ ಹಿಂಭಾಗದಲ್ಲಿ ಗೋಡೆ ಬಟನ್‌ನ ವೈರ್‌ಗಳು ಬಂದು ಸೇರುವ ಎರಡು ಟರ್ಮಿನಲ್‌ಗಳಿಗೆ ಈ ತುಂಡಿನ ಎರಡು ತುದಿಗಳನ್ನು ಅರ್ಧ ಸೆಕೆಂಡ್ ತಾಗಿಸಿ ತೆಗೆಯಿರಿ. ಅಲ್ಲಿ ಇರುವುದು ಕಡಿಮೆ ವೋಲ್ಟೇಜ್. ಆದರೆ ಮೋಟಾರ್‌ನ ಮುಚ್ಚಳ ಬಿಚ್ಚಬೇಡಿ, ಅದರೊಳಗೆ ಮೇನ್ಸ್ ಇದೆ.

ಬಾಗಿಲು ಚಲಿಸಿತಾ? ಇನ್ನೊಮ್ಮೆ ತಾಗಿಸಿ, ನಿಲ್ಲುತ್ತದೆ. ಹಾಗಿದ್ದರೆ ನಿಮ್ಮದು ಸರಳ ಬಗೆ, ಯಾವುದೇ ಡ್ರೈ ಕಾಂಟ್ಯಾಕ್ಟ್ ರಿಲೇ ಸಾಕು.

ಚಲಿಸಲಿಲ್ಲ ಅಂದರೆ ಎರಡು ದಾರಿ ಇವೆ. ಹಳದಿ ಬಟನ್‌ನವರಿಗೆ ರ್ಯಾಟ್‌ಜಿಡಿಒ ಅನ್ನುವ ಸಣ್ಣ ಬೋರ್ಡ್ ಇದೆ, ಅದು ಓಪನರ್‌ನ ಭಾಷೆಯಲ್ಲೇ ಮಾತಾಡುತ್ತದೆ. ಬಾಗಿಲಿನ ಸ್ಥಿತಿ, ಅಡಚಣೆ, ದೀಪ ಎಲ್ಲವನ್ನೂ ಓಪನರ್‌ನಿಂದಲೇ ಓದಿ ಕೊಡುವುದರಿಂದ ಬೇರೆ ಸೆನ್ಸರ್ ಕೂಡ ಬೇಕಾಗುವುದಿಲ್ಲ. ಈ ಬಗೆಯ ಓಪನರ್‌ಗೆ ನನ್ನ ಸಲಹೆ ಅದೇ. ಇನ್ನೊಂದು ದಾರಿ ಎಲ್ಲ ಓಪನರ್‌ಗೂ ನಡೆಯುತ್ತದೆ: ಒಂದು ಹೆಚ್ಚುವರಿ ರಿಮೋಟ್ ಬಿಚ್ಚಿ, ಅದರ ಬಟನ್‌ನ ಎರಡು ಕಾಲುಗಳಿಗೆ ತೆಳು ವೈರ್ ಬೆಸುಗೆ ಹಾಕಿ, ಆ ವೈರ್‌ಗಳನ್ನು ರಿಲೇಗೆ ಕೊಡುವುದು. ಇದರಲ್ಲಿ ರಿಮೋಟ್ ಬ್ಯಾಟರಿ ಮುಗಿದರೆ ವ್ಯವಸ್ಥೆ ನಿಲ್ಲುತ್ತದೆ. ಪ್ಯಾನೆಲ್‌ನಲ್ಲಿ ರಿಮೋಟ್ ಲಾಕ್ ಹಾಕಿದ್ದರೂ ಕೆಲಸ ಮಾಡುವುದಿಲ್ಲ.

ಹಂತ 4: ಸಾಮಾನು

ರಿಲೇ ಆಯ್ಕೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಇದರ ಔಟ್‌ಪುಟ್ ಬರೀ ಎರಡು ವೈರ್‌ಗಳನ್ನು ಸೇರಿಸುತ್ತದೆಯಾ, ಅಥವಾ ತಾನೇ ಕರೆಂಟ್ ಕಳಿಸುತ್ತದೆಯಾ? ಬರೀ ಸೇರಿಸುವುದು ಡ್ರೈ ಕಾಂಟ್ಯಾಕ್ಟ್. ದೀಪ, ಫ್ಯಾನ್‌ಗೆ ಅಂತ ಮಾಡಿದ ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳು ಔಟ್‌ಪುಟ್‌ಗೆ ಮೇನ್ಸ್ ಕರೆಂಟ್ ಬಿಡುತ್ತವೆ. ಅದನ್ನು ಓಪನರ್‌ನ ಬಟನ್ ಟರ್ಮಿನಲ್‌ಗೆ ಕೊಟ್ಟರೆ ಓಪನರ್‌ನ ಬೋರ್ಡ್ ಆ ಕ್ಷಣವೇ ಸುಟ್ಟುಹೋಗುತ್ತದೆ. ಹೆಸರು ಹತ್ತಿರ ಇದ್ದ ಮಾತ್ರಕ್ಕೆ ಮೋಸ ಹೋಗಬೇಡಿ. ಶೆಲ್ಲಿ ಅನ್ನುವ ಕಂಪನಿಯ ಸಣ್ಣ ವೈ-ಫೈ ರಿಲೇಗಳಲ್ಲಿ ಶೆಲ್ಲಿ 1 ಡ್ರೈ ಕಾಂಟ್ಯಾಕ್ಟ್, ನೋಡಲು ಹಾಗೇ ಇರುವ ಶೆಲ್ಲಿ 1ಪಿಎಂ ಅಲ್ಲ.

ಶೆಲ್ಲಿ ಬಳಸುವವರಿಗೆ ಒಂದು ಗಂಭೀರ ಎಚ್ಚರಿಕೆ. ಅದಕ್ಕೆ ಮೇನ್ಸ್‌ನಿಂದ ಪವರ್ ಕೊಟ್ಟರೆ ಅದರ ಸ್ವಿಚ್ ಇನ್‌ಪುಟ್ ಟರ್ಮಿನಲ್ ಕೂಡ ಮೇನ್ಸ್ ವೋಲ್ಟೇಜ್‌ನಲ್ಲೇ ಇರುತ್ತದೆ. ಬಾಗಿಲ ಸೆನ್ಸರ್‌ನ ತೆಳು ವೈರನ್ನು ಅಲ್ಲಿಗೆ ಜೋಡಿಸಿದರೆ ಕೈಗೆ ಸಿಗುವ ಆ ಸಣ್ಣ ವೈರ್‌ನಲ್ಲಿ ಮೇನ್ಸ್ ಹರಿಯುತ್ತದೆ. ಸೆನ್ಸರನ್ನು ಅದೇ ಶೆಲ್ಲಿಗೆ ಕೊಡುವ ಯೋಚನೆ ಇದ್ದರೆ 12 ವೋಲ್ಟ್ ಡಿಸಿ ಅಡಾಪ್ಟರ್‌ನಿಂದಲೇ ಅದನ್ನು ನಡೆಸಿ.

ಸ್ವಂತವಾಗಿ ಕಟ್ಟುವವರಿಗೆ ಒಂದು ಇಎಸ್‌ಪಿ32 ಬೋರ್ಡ್ (ವೈ-ಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್), ಒಂದೇ ಚಾನೆಲ್‌ನ ರಿಲೇ ಮಾಡ್ಯೂಲ್, ಒಳ್ಳೆಯ ಫೋನ್ ಚಾರ್ಜರ್ ಸಾಕು. ಓಪನರ್‌ನ ಬಟನ್ ಟರ್ಮಿನಲ್‌ನಿಂದಲೇ ಬೋರ್ಡ್‌ಗೆ ಪವರ್ ಎಳೆಯುವ ಪ್ರಯತ್ನ ಬೇಡ, ಅದು ಅಷ್ಟು ಕರೆಂಟ್ ಕೊಡಲು ಮಾಡಿದ್ದಲ್ಲ.

ಉಳಿದದ್ದು: ಗ್ಯಾರೇಜ್ ಬಾಗಿಲಿಗೆಂದೇ ಮಾಡಿದ ಅಗಲ ಅಂತರದ ಮ್ಯಾಗ್ನೆಟ್ ಸೆನ್ಸರ್, ಎರಡು ಎಳೆಯ ತೆಳು ವೈರ್, ಮಲ್ಟಿಮೀಟರ್, ಸ್ಕ್ರೂಡ್ರೈವರ್, ಡ್ರಿಲ್, ವೈರ್ ಕ್ಲಿಪ್, ಪ್ಲಾಸ್ಟಿಕ್ ಡಬ್ಬಿ, ಗಟ್ಟಿ ಏಣಿ. ಲೋಹದ ಡಬ್ಬಿ ಬೇಡ, ವೈ-ಫೈ ಸಿಗ್ನಲ್ ಸಾಯುತ್ತದೆ.

ಹಂತ 5: ಸೆನ್ಸರ್ ಹಾಕಿ, ಕೆಲವು ದಿನ ಅದನ್ನೇ ನೋಡಿ

ಅಯಸ್ಕಾಂತದ ತುಂಡು ಬಾಗಿಲಿಗೆ, ವೈರ್ ಇರುವ ಭಾಗ ಗೋಡೆ ಅಥವಾ ಚೌಕಟ್ಟಿಗೆ. ಉಲ್ಟಾ ಹಾಕಿದರೆ ಬಾಗಿಲ ಜೊತೆ ವೈರ್ ಕೂಡ ಓಡಾಡಿ ತುಂಡಾಗುತ್ತದೆ. ಬಾಗಿಲು ಪೂರ್ತಿ ಮುಚ್ಚಿದಾಗ ಎರಡೂ ಎದುರುಬದುರು ಬರಬೇಕು.

ಮೊಳೆ ಹೊಡೆಯುವ ಮೊದಲು ಎರಡನ್ನೂ ಟೇಪ್‌ನಲ್ಲಿ ಅಂಟಿಸಿ ನೋಡಿ. ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನದಲ್ಲಿಟ್ಟು ಸೆನ್ಸರ್‌ನ ಎರಡು ವೈರ್‌ಗೆ ಹಿಡಿಯಿರಿ. ಬಾಗಿಲು ಮುಚ್ಚಿದಾಗ ಬೀಪ್ ಬರುತ್ತದೆ ಅಂದುಕೊಳ್ಳಿ. ಈಗ ಬಾಗಿಲನ್ನು ಒಳಗೆ, ಹೊರಗೆ ಕೈಯಿಂದ ಅಲ್ಲಾಡಿಸಿ. ಗಾಳಿ ಬೀಸಿದಾಗ ಆಗುವುದೂ ಇದೇ. ಬೀಪ್ ಕಡಿಯಬಾರದು. ಕಡಿದರೆ ಅಂತರ ಜಾಸ್ತಿ ಇದೆ, ಸೆನ್ಸರನ್ನು ಸ್ವಲ್ಪ ಹತ್ತಿರ ತನ್ನಿ. ಆಮೇಲೆ ಬಾಗಿಲನ್ನು ನಾಲ್ಕು ಬೆರಳಷ್ಟು ಎತ್ತಿ, ಈಗ ಬೀಪ್ ನಿಲ್ಲಲೇಬೇಕು. ಈ ಎರಡು ಸ್ಥಿತಿಗಳ ನಡುವೆ ಸೆನ್ಸರ್ ಕೂತರೆ ಮಾತ್ರ ಮೊಳೆ ಹೊಡೆಯಿರಿ. ಕಬ್ಬಿಣದ ಬಾಗಿಲು ಅಯಸ್ಕಾಂತದ ಸೆಳೆತವನ್ನು ತಿಂದುಹಾಕುತ್ತದೆ, ಕಿಟಕಿಗೆ ಹಾಕುವ ಸಣ್ಣ ಸೆನ್ಸರ್ ಇಲ್ಲಿ ಸೋಲುವುದು ಅದಕ್ಕೇ.

ವೈರ್ ಎಳೆಯಲು ಆಗದವರು ಬ್ಯಾಟರಿಯ ಓರೆ ಸೆನ್ಸರ್ (ಬಾಗಿಲ ಹಲಗೆ ವಾಲಿದ್ದನ್ನು ಗುರುತಿಸುವುದು) ಬಳಸಬಹುದು. ಅದನ್ನು ಬಾಗಿಲ ಮೇಲಿನ ಹಲಗೆಗೇ ಹಾಕಿ. ಮೇಲಿನ ಹಲಗೆ ಮೊದಲು ಬಾಗುತ್ತದೆ, ಕೆಳಗಿನದು ಬಾಗುವ ಹೊತ್ತಿಗೆ ಬಾಗಿಲು ಬಹುಪಾಲು ತೆರೆದಿರುತ್ತದೆ. ಬ್ಯಾಟರಿ ಸತ್ತಾಗ ಕೊನೆಯ ಸ್ಥಿತಿಯೇ ಪರದೆಯ ಮೇಲೆ ಉಳಿಯುವ ಅಪಾಯ ಇದೆ, ಆದ್ದರಿಂದ ಬ್ಯಾಟರಿ ಕಡಿಮೆಯಾದಾಗ ಸೂಚನೆ ಬರುವಂತೆ ಮಾಡಿ. ನನಗಂತೂ ವೈರ್ ಸೆನ್ಸರೇ ಇಷ್ಟ.

ಪೂರ್ತಿ ತೆರೆದ ಜಾಗದಲ್ಲಿ ಇನ್ನೊಂದು ಸೆನ್ಸರ್ ಹಾಕಿದರೆ ಅರ್ಧಕ್ಕೆ ನಿಂತ ಬಾಗಿಲೂ ಗೊತ್ತಾಗುತ್ತದೆ. ಕಡ್ಡಾಯವಲ್ಲ. ಆದರೆ ಮುಚ್ಚಿದ ಜಾಗದ ಸೆನ್ಸರ್ ಕಡ್ಡಾಯ.

ಈಗ ಸೆನ್ಸರ್‌ನ ವೈರ್‌ಗಳನ್ನು ಬೋರ್ಡ್‌ಗೆ (ಅಥವಾ ಶೆಲ್ಲಿಗೆ) ಕೊಟ್ಟು, ಓಪನರ್‌ಗೆ ರಿಲೇ ಜೋಡಿಸದೆಯೇ ಕೆಲವು ದಿನ ಬಿಡಿ. ಬಾಗಿಲನ್ನು ಎಂದಿನಂತೆ ಬಳಸಿ, ಹಬ್‌ನಲ್ಲಿ (ಹೋಮ್ ಅಸಿಸ್ಟೆಂಟ್‌ನಂಥ ಸಾಫ್ಟ್‌ವೇರ್ ಓಡುವ ಯಂತ್ರ) ದಾಖಲೆ ನೋಡುತ್ತಿರಿ. ರಾತ್ರಿ ಯಾರೂ ಮುಟ್ಟದಿದ್ದರೂ "ತೆರೆಯಿತು, ಮುಚ್ಚಿತು" ಅಂತ ದಾಖಲಾಗಿದ್ದರೆ ಅಂತರ ಅಥವಾ ಸಡಿಲ ವೈರ್ ಸರಿಪಡಿಸಿ. ಇದನ್ನು ಹಾರಿಸಿದವರೇ ಆಮೇಲೆ ಸುಳ್ಳು ಸೂಚನೆಗಳಿಂದ ಬೇಸತ್ತು ಎಲ್ಲ ಸೂಚನೆಗಳನ್ನೂ ಬಂದ್ ಮಾಡುತ್ತಾರೆ.

ಹಂತ 6: ರಿಲೇಯನ್ನು ಮೇಜಿನ ಮೇಲೆ ಪರೀಕ್ಷಿಸಿ

ಓಪನರ್‌ಗೆ ಜೋಡಿಸುವ ಮೊದಲು ರಿಲೇ ಮೇಜಿನ ಮೇಲೇ ಸಾಬೀತಾಗಬೇಕು. ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಕಾಮನ್ ಮತ್ತು ಎನ್ಒ (ರಿಲೇ ಸುಮ್ಮನಿರುವಾಗ ಬಿಟ್ಟುಕೊಂಡಿರುವ) ಟರ್ಮಿನಲ್ ಬಳಸಬೇಕು, ಎನ್‌ಸಿ (ಸುಮ್ಮನಿರುವಾಗ ಸೇರಿಕೊಂಡಿರುವ) ಅಲ್ಲ. ಎನ್‌ಸಿ ಬಳಸಿದರೆ ಬಟನ್ ಸದಾ ಒತ್ತಿದ ಹಾಗೇ ಇರುತ್ತದೆ.

ಈಗ ಮುಖ್ಯ ಪರೀಕ್ಷೆ. ಪವರ್ ಕಿತ್ತು ಮತ್ತೆ ಹಾಕಿ. ಹತ್ತು ಸಲ ಹೀಗೆ ಮಾಡಿ, ಪ್ರತಿ ಸಲವೂ ಕಿವಿಗೊಟ್ಟು ಕೇಳಿ. ಬೋರ್ಡ್ ಎದ್ದೇಳುವಾಗ ರಿಲೇ ಒಮ್ಮೆ ಟಿಕ್ ಅಂದರೂ, ಮೀಟರ್ ಒಮ್ಮೆ ಬೀಪ್ ಅಂದರೂ ಸೋತಂತೆ. ಕರೆಂಟ್ ಬಂದಾಗ ಬಾಗಿಲು ತಾನಾಗಿ ತೆರೆಯುವ ಕಾಯಿಲೆಯ ಮೂಲ ಇದು.

ಕಾರಣ ಹೆಚ್ಚಾಗಿ ಪಿನ್ ಆಯ್ಕೆ. ಇಎಸ್‌ಪಿ32ರಲ್ಲಿ 0, 2, 5, 12, 15ನೇ ಪಿನ್‌ಗಳು ಬೋರ್ಡ್ ಎದ್ದೇಳುವ ಹೊತ್ತಿಗೆ ಬೇರೆ ಕೆಲಸದಲ್ಲಿರುತ್ತವೆ, ರಿಲೇಗೆ ಅವು ಬೇಡ. 25, 26, 27, 32, 33 ಒಳ್ಳೆಯವು. ಹಳೆಯ ಇಎಸ್‌ಪಿ8266 ಆದರೆ 4 ಅಥವಾ 5 ಬಳಸಿ. ಇನ್ನೊಂದು ಕಾರಣ ರಿಲೇ ಮಾಡ್ಯೂಲ್. ಅಗ್ಗದ ಹಲವು ಮಾಡ್ಯೂಲ್‌ಗಳು ಸಂಕೇತ ಕೆಳಗಿಳಿದಾಗ ಆನ್ ಆಗುತ್ತವೆ. ಅಂಥದ್ದಕ್ಕೆ ಇಎಸ್‌ಪಿಹೋಮ್‌ನಲ್ಲಿ (ಈ ಬೋರ್ಡ್‌ಗಳಿಗೆ ಹಾಕುವ ಸಾಫ್ಟ್‌ವೇರ್) ಪಿನ್ ತಿರುವುಮುರುವು ಮಾಡುವ ಆಯ್ಕೆ ಹಾಕಬೇಕು, ಜೊತೆಗೆ ಶುರುವಾಗುವಾಗ ಯಾವಾಗಲೂ ಆಫ್ ಅಂತ ಹೇಳಬೇಕು. ಶೆಲ್ಲಿಯಲ್ಲೂ ಪವರ್ ಬಂದಾಗ ಆಫ್ ಅನ್ನುವ ಆಯ್ಕೆ ಇದೆ. ಕೊನೆಯ ಸ್ಥಿತಿಗೆ ಮರಳು ಅನ್ನುವುದನ್ನು ಆರಿಸಬೇಡಿ.

ಒತ್ತಿ ಬಿಡುವ ಸಮಯ ಅರ್ಧ ಸೆಕೆಂಡ್ ಇರಲಿ. ಕೆಲವು ಓಪನರ್‌ಗೆ ಒಂದು ಸೆಕೆಂಡ್ ಬೇಕಾಗಬಹುದು. ಈ ಎಣಿಕೆ ರಿಲೇ ಬೋರ್ಡ್‌ನ ಒಳಗೇ ನಡೆಯಬೇಕು, ಹಬ್‌ನಲ್ಲಿ ಅಲ್ಲ. ಹಬ್ "ಆನ್" ಅಂತ ಹೇಳಿ, "ಆಫ್" ಅಂತ ಹೇಳುವಷ್ಟರಲ್ಲಿ ವೈ-ಫೈ ಕಡಿದುಹೋದರೆ ಯಾರೋ ಬಟನ್ ಮೇಲಿಟ್ಟ ಬೆರಳನ್ನು ತೆಗೆಯದೆ ನಿಂತ ಹಾಗಾಗುತ್ತದೆ. ಆಗ ಗೋಡೆ ಬಟನ್‌ನಿಂದಲೂ ಬಾಗಿಲು ಮಾತು ಕೇಳುವುದಿಲ್ಲ. ಶೆಲ್ಲಿಯಲ್ಲಿ ಆಟೊ ಆಫ್ ಟೈಮರ್ ಇದೆ, ಇಎಸ್‌ಪಿಹೋಮ್‌ನಲ್ಲಿ ಆನ್ ಆದ ಕೂಡಲೇ ಕಾದು ಆಫ್ ಮಾಡುವ ಸಾಲುಗಳನ್ನು ಸ್ವಿಚ್‌ನೊಳಗೇ ಬರೆಯಿರಿ.

ಹಂತ 7: ಓಪನರ್‌ಗೆ ಜೋಡಿಸಿ

ಓಪನರ್‌ನ ಪ್ಲಗ್ ಕೀಳಿ. ಗೋಡೆ ಬಟನ್‌ನ ವೈರ್‌ಗಳನ್ನು ತೆಗೆಯಬೇಡಿ. ಅದೇ ಎರಡು ಟರ್ಮಿನಲ್‌ಗಳಿಗೆ ರಿಲೇಯ ಎರಡು ವೈರ್‌ಗಳನ್ನೂ ಸೇರಿಸಿ. ಸರಳ ಬಗೆಯಲ್ಲಿ ಯಾವ ವೈರ್ ಯಾವ ಕಡೆ ಅನ್ನುವುದು ಮುಖ್ಯವಲ್ಲ. ಗೋಡೆ ಬಟನ್ ಎಂದಿನಂತೆ ಕೆಲಸ ಮಾಡುತ್ತಲೇ ಇರಬೇಕು, ನಾಳೆ ಹಬ್ ಕೆಟ್ಟರೂ ಮನೆಯವರು ಪರದಾಡಬಾರದು.

ವೈರ್‌ಗಳು ಚೈನ್, ಹಳಿ, ಸ್ಪ್ರಿಂಗ್ ಯಾವುದಕ್ಕೂ ತಾಗದಂತೆ ಕ್ಲಿಪ್ ಹೊಡೆಯಿರಿ. ಡಬ್ಬಿಯನ್ನು ಮೋಟಾರ್‌ಗೆ ಅಂಟಿಸದೆ ಪಕ್ಕದ ಛಾವಣಿಗೆ ಹಾಕಿ, ಮೋಟಾರ್ ಅದುರುವುದರಿಂದ ಸ್ಕ್ರೂಗಳು ನಿಧಾನವಾಗಿ ಸಡಿಲವಾಗುತ್ತವೆ.

ಮೊದಲ ಓಟದಲ್ಲಿ ಬಾಗಿಲನ್ನು ಸೇರಿಸಿಕೊಳ್ಳಬೇಡಿ. ಬಾಗಿಲು ಮುಚ್ಚಿರುವಾಗ ತುರ್ತು ಹಗ್ಗ ಎಳೆದು ಬಿಡಿಸಿ, ಆಮೇಲೆ ಪ್ಲಗ್ ಹಾಕಿ ಫೋನಿನಿಂದ ಒತ್ತಿ. ಹಳಿಯ ಮೇಲೆ ಟ್ರಾಲಿ (ಬಾಗಿಲನ್ನು ಎಳೆಯುವ ಭಾಗ) ಮಾತ್ರ ಓಡುತ್ತದೆ, ಬಾಗಿಲು ಅಲ್ಲೇ ಇರುತ್ತದೆ. ಕೆಲವು ಸಲ ಓಡಿಸಿ, ಪವರ್ ತೆಗೆದು ಹಾಕಿ ನೋಡಿ, ಎಲ್ಲ ಸರಿ ಅನಿಸಿದ ಮೇಲೆ ಬಾಗಿಲನ್ನು ಮತ್ತೆ ಜೋಡಿಸಿ.

ಇಲ್ಲೇ ವೈ-ಫೈ ಸಿಗ್ನಲ್ ಓದಿಕೊಳ್ಳಿ. ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ನಿಶ್ಚಿಂತೆ. ಮೈನಸ್ 75 ದಾಟಿ ಕೆಳಗಿದ್ದರೆ ಬೋರ್ಡ್ ಆಗಾಗ ಕಡಿದುಹೋಗುತ್ತದೆ, ರೌಟರ್ ಹತ್ತಿರ ತನ್ನಿ ಅಥವಾ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ ಹಾಕಿ. ಈ ಬೋರ್ಡ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರುತ್ತವೆ. ಸಿಗ್ನಲ್ ನೋಡುವಾಗ ಬಾಗಿಲನ್ನು ತೆರೆದೂ ಮುಚ್ಚಿಯೂ ನೋಡಿ. ತೆರೆದ ಲೋಹದ ಬಾಗಿಲು ಛಾವಣಿಯಲ್ಲಿ ಬೋರ್ಡ್‌ನ ಪಕ್ಕದಲ್ಲೇ ಬಂದು ಮಲಗುತ್ತದೆ, ಆಗ ಸಿಗ್ನಲ್ ಬೀಳುತ್ತದೆ.

ಹಂತ 8: ಹಬ್‌ನಲ್ಲಿ "ಬಾಗಿಲು" ಮಾಡಿ, "ಸ್ವಿಚ್" ಅಲ್ಲ

ರಿಲೇ ಹಬ್‌ಗೆ ಸೇರಿದಾಗ ಸ್ವಿಚ್ ಆಗಿ ಕಾಣುತ್ತದೆ. ಹೆಚ್ಚಿನವರು ಅದನ್ನೇ ಡ್ಯಾಶ್‌ಬೋರ್ಡ್‌ಗೆ ಎಳೆದು ಕೆಲಸ ಮುಗಿಯಿತು ಅನ್ನುತ್ತಾರೆ. ಬೇಡ. ಯಾರೋ "ಎಲ್ಲ ಸ್ವಿಚ್ ಆನ್ ಮಾಡು" ಅಂದರೆ ಬಾಗಿಲು ತೆರೆಯುತ್ತದೆ. ಗೂಗಲ್, ಅಲೆಕ್ಸಾ ಎರಡೂ ಗ್ಯಾರೇಜ್ ಬಾಗಿಲು ತೆರೆಯಲು ಪಿನ್ ಸಂಖ್ಯೆ ಕೇಳುತ್ತವೆ, ಆದರೆ ನೀವು ಅದನ್ನು ಬರೀ ಸ್ವಿಚ್ ಅಂತ ಕೊಟ್ಟರೆ ಪಿನ್ ಕೇಳದೆಯೇ ಒತ್ತಿಬಿಡುತ್ತವೆ. ಕಿಟಕಿ ಆಚೆಯಿಂದ ಕೂಗಿದರೂ ಸಾಕು.

ಹೋಮ್ ಅಸಿಸ್ಟೆಂಟ್‌ನಲ್ಲಿ ಟೆಂಪ್ಲೇಟ್ ಕವರ್ (ಸ್ವಿಚ್ ಮತ್ತು ಸೆನ್ಸರನ್ನು ಸೇರಿಸಿ ಒಂದೇ ಬಾಗಿಲಾಗಿ ತೋರಿಸುವುದು) ಮಾಡಿ, ಅದರ ವರ್ಗ ಗ್ಯಾರೇಜ್ ಅಂತ ಆರಿಸಿ. ಇಎಸ್‌ಪಿಹೋಮ್‌ನವರು ಇದನ್ನು ಬೋರ್ಡ್‌ನಲ್ಲೇ ಮಾಡಬಹುದು, ಅದು ಇನ್ನೂ ಒಳ್ಳೆಯದು. ಮೂಲ ಸ್ವಿಚ್ಚನ್ನು ಒಳಗಿನದು ಅಂತ ಗುರುತಿಸಿ ಎಲ್ಲ ಕಡೆಯಿಂದ ಮರೆಮಾಡಿ.

ಲೆಕ್ಕ ಹೀಗಿರಲಿ. ಸ್ಥಿತಿ ಸೆನ್ಸರ್‌ನಿಂದ ಮಾತ್ರ ಬರಬೇಕು, ಊಹೆಯ ಸ್ಥಿತಿ ತೋರಿಸುವ ಆಯ್ಕೆ ಬಂದ್ ಇರಲಿ. "ತೆರೆ" ಅಂದಾಗ ಸೆನ್ಸರ್ "ಮುಚ್ಚಿದೆ" ಅಂದರೆ ಮಾತ್ರ ಒತ್ತಬೇಕು. "ಮುಚ್ಚು" ಅಂದಾಗ ಸೆನ್ಸರ್ "ತೆರೆದಿದೆ" ಅಂದರೆ ಮಾತ್ರ ಒತ್ತಬೇಕು. ಸೆನ್ಸರ್ ಸಂಪರ್ಕವೇ ಇಲ್ಲದಿದ್ದರೆ ಎರಡೂ ಕೆಲಸ ಮಾಡಬಾರದು. ಸಂಪರ್ಕ ಇಲ್ಲ ಅನ್ನುವುದನ್ನು "ಮುಚ್ಚಿದೆ" ಅಂತ ಎಂದೂ ಓದಬೇಡಿ.

ನಿಮ್ಮ ಬಾಗಿಲು ಪೂರ್ತಿ ಇಳಿಯಲು ಎಷ್ಟು ಹೊತ್ತು ಬೇಕು ಅಂತ ಅಳೆಯಿರಿ. ಅದಕ್ಕೆ ಹತ್ತು ಸೆಕೆಂಡ್ ಸೇರಿಸಿ ಕಾಯಿರಿ. ಅಷ್ಟರಲ್ಲಿ "ಮುಚ್ಚಿದೆ" ಅಂತ ಬರದಿದ್ದರೆ ಫೋನಿಗೆ ಸೂಚನೆ ಕಳಿಸಿ, ಮತ್ತೆ ತಾನಾಗಿ ಒತ್ತುವ ಸಾಲು ಬರೆಯಬೇಡಿ. ಮುಚ್ಚದಿರುವುದಕ್ಕೆ ಕಾರಣ ಬೀಮ್‌ಗೆ ಅಡ್ಡ ಬಂದ ಏನೋ ಇರಬಹುದು, ಅದು ಏನು ಅಂತ ಮನುಷ್ಯರೇ ನೋಡಬೇಕು. ಜೊತೆಗೆ ನಡುವೆ ನಿಂತ ಬಾಗಿಲಿಗೆ ಮುಂದಿನ ಒತ್ತು ಮೇಲಕ್ಕೋ ಕೆಳಕ್ಕೋ ಅನ್ನುವುದು ಓಪನರ್ ಮೇಲೆ ಹೋಗುತ್ತದೆ.

ಹಂತ 9: ಮುಚ್ಚುವ ಮೊದಲು ಎಚ್ಚರಿಕೆ

ಎದುರಿಗೆ ನಿಂತು ಗೋಡೆ ಬಟನ್ ಒತ್ತುವುದು ಬೇರೆ, ಕಾಣದ ಜಾಗದಿಂದ ಮುಚ್ಚುವುದು ಬೇರೆ. ಓಪನರ್‌ಗಳ ಸುರಕ್ಷತಾ ಮಾನದಂಡವಾದ ಯುಎಲ್ 325 ಪ್ರಕಾರ, ಯಾರೂ ನೋಡದಿರುವಾಗ ಮುಚ್ಚುವ ಬಾಗಿಲು ಚಲಿಸುವ ಮೊದಲು ಕನಿಷ್ಠ 5 ಸೆಕೆಂಡ್ ಸದ್ದು ಮತ್ತು ಬೆಳಕಿನ ಎಚ್ಚರಿಕೆ ಕೊಡಬೇಕು. ನಿಮ್ಮ ಮನೆಯಲ್ಲಿ ಯಾವ ಕಾನೂನು ಇದ್ದರೂ ಇದನ್ನು ಪಾಲಿಸಿ. ಒಂದು ಸಣ್ಣ ಬಜರ್, ಮಿನುಗುವ ಒಂದು ದೀಪ, ಅಷ್ಟೇ ಬೇಕಿರುವುದು. ಬಜರ್ ಬೋರ್ಡ್‌ಗೇ ಜೋಡಿಸಿದ್ದರೆ "ಮುಚ್ಚು" ಅನ್ನುವ ಆಜ್ಞೆಯೊಳಗೇ ಸೇರಿಸಿಬಿಡಿ: ಸದ್ದು, ಐದು ಸೆಕೆಂಡ್, ಆಮೇಲೆ ಒತ್ತು. ಹಾಗೆ ಮಾಡಿದರೆ ಯಾವ ಆಟೊಮೇಷನ್‌ನಿಂದ ಆಜ್ಞೆ ಬಂದರೂ ಎಚ್ಚರಿಕೆ ತಪ್ಪುವುದಿಲ್ಲ.

ಹಂತ 10: ಆಟೊಮೇಷನ್, ಮತ್ತು ಯಾವುದು ಬೇಡ

ಮೊದಲು ಸೂಚನೆಗಳು ಮಾತ್ರ. ಹತ್ತು ನಿಮಿಷಕ್ಕಿಂತ ಜಾಸ್ತಿ ತೆರೆದಿದ್ದರೆ ಫೋನಿಗೆ ಸಂದೇಶ, ಅದರಲ್ಲೇ "ಮುಚ್ಚು" ಅನ್ನುವ ಬಟನ್. ಮಲಗುವ ಹೊತ್ತಿಗೆ ತೆರೆದಿದ್ದರೆ ಇನ್ನೊಂದು. ಬಹಳ ಮನೆಗಳಿಗೆ ಇಷ್ಟೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಟ್ರಿಗರ್ (ಆಟೊಮೇಷನ್ ಯಾವಾಗ ಶುರುವಾಗಬೇಕು ಅನ್ನುವ ಷರತ್ತು) ಬರೆಯುವಾಗ "ತೆರೆದಿದೆ ಆಯಿತು" ಅಂತಷ್ಟೇ ಬರೆಯಬೇಡಿ, "ಮುಚ್ಚಿದೆಯಿಂದ ತೆರೆದಿದೆಗೆ ಬಂತು" ಅಂತ ಎರಡೂ ಸ್ಥಿತಿ ಕೊಡಿ. ಇಲ್ಲದಿದ್ದರೆ ಹಬ್ ರೀಸ್ಟಾರ್ಟ್ ಆದಾಗ, ವೈ-ಫೈ ಕಡಿದು ಬಂದಾಗ ಎಲ್ಲ ಸುಳ್ಳು ಸೂಚನೆಗಳು ಸಾಲಾಗಿ ಬರುತ್ತವೆ.

ಫೋನ್ ಮನೆ ಹತ್ತಿರ ಬಂದ ಕೂಡಲೇ ಬಾಗಿಲು ತಾನಾಗಿ ತೆರೆಯುವ ಆಟೊಮೇಷನ್ ಎಲ್ಲರಿಗೂ ಬೇಕು. ನಾನು ಬೇಡ ಅನ್ನುತ್ತೇನೆ. ಫೋನಿನ ಲೊಕೇಷನ್ ಆಗಾಗ ಹಾರುತ್ತದೆ. ಮನೆಯಲ್ಲೇ ಮಲಗಿರುವಾಗ "ಹೊರಹೋದ, ಬಂದ" ಅಂತ ಲೆಕ್ಕ ಹಾಕಿದರೆ ನಡುರಾತ್ರಿ ಬಾಗಿಲು ತೆರೆದುಕೊಳ್ಳುತ್ತದೆ. ಹತ್ತಿರ ಬಂದಾಗ "ತೆರೆಯಲಾ?" ಅಂತ ಕೇಳುವ ಸೂಚನೆ ಇರಲಿ, ಒತ್ತುವುದು ನಿಮ್ಮ ಕೈಯಲ್ಲಿರಲಿ.

ಹೊರಗಿನಿಂದ ನೋಡಲು ರೌಟರ್‌ನಲ್ಲಿ ಪೋರ್ಟ್ ತೆರೆಯಬೇಡಿ. ವೈರ್‌ಗಾರ್ಡ್‌ನಂಥ ವಿಪಿಎನ್ ಬಳಸಿ. ಹಬ್‌ಗೆ ಎರಡು ಹಂತದ ಲಾಗಿನ್ ಹಾಕಿ, ಎಂಕ್ಯೂಟಿಟಿ (ಸಾಧನಗಳು ಸಂದೇಶ ಕಳಿಸಿಕೊಳ್ಳುವ ವಿಧಾನ) ಬಳಸುತ್ತಿದ್ದರೆ ಅದಕ್ಕೂ ಪಾಸ್‌ವರ್ಡ್ ಇರಲಿ. ಮನೆ ಮುಂದಿನ ಬೀಗದಷ್ಟೇ ಮುಖ್ಯವಾದ ಬಾಗಿಲು ಇದು.

ಏನಾದರೂ ಕೆಟ್ಟಾಗ ಎಲ್ಲಿ ನೋಡಬೇಕು

ಬಾಗಿಲು ಇಳಿಯಲು ಶುರುಮಾಡಿ ವಾಪಸ್ ಏರಿದರೆ ಹಬ್ ಮೇಲೆ ಅನುಮಾನ ಪಡಬೇಡಿ. ಬೀಮ್ ಸೆನ್ಸರ್‌ನ ಕಣ್ಣು ಒರೆಸಿ, ಎರಡರ ಪುಟ್ಟ ದೀಪಗಳೂ ಸ್ಥಿರವಾಗಿ ಉರಿಯುತ್ತಿವೆಯಾ ನೋಡಿ.

ತಾನಾಗಿ ತೆರೆದರೆ ಮೊದಲು ರಿಲೇಯ ಎರಡು ವೈರ್‌ಗಳನ್ನು ಓಪನರ್‌ನಿಂದ ಬಿಡಿಸಿ. ಆಮೇಲೂ ತೆರೆದರೆ ತಪ್ಪು ರಿಲೇಯದಲ್ಲ. ಗೋಡೆ ಬಟನ್ ಸಿಕ್ಕಿಕೊಂಡಿರಬಹುದು, ಅದರ ವೈರ್ ಎಲ್ಲೋ ಸುಲಿದು ತಾಗುತ್ತಿರಬಹುದು, ಅಥವಾ ಹಳೆಯ ರಿಮೋಟ್ ಯಾರದೋ ಕೈಯಲ್ಲಿರಬಹುದು. ನಿಂತುಹೋದರೆ ಹಂತ 6ಕ್ಕೆ ವಾಪಸ್.

ಜೋಡಣೆ ಆದ ಮೇಲೆ ಕಾರಿನ ರಿಮೋಟ್ ದೂರದಿಂದ ಕೆಲಸ ಮಾಡುತ್ತಿಲ್ಲ ಅಂದರೆ ಹೊಸ ಚಾರ್ಜರ್ ರೇಡಿಯೊ ಗದ್ದಲ ಮಾಡುತ್ತಿರಬಹುದು. ಅದನ್ನು ಕಿತ್ತು ರಿಮೋಟ್ ಒತ್ತಿ ನೋಡಿ. ಸರಿಹೋದರೆ ಬೇರೆ ಚಾರ್ಜರ್ ಹಾಕಿ, ಓಪನರ್‌ನ ಆಂಟೆನಾ ವೈರ್‌ನಿಂದ ದೂರ ಇಡಿ. ಓಪನರ್‌ನೊಳಗಿನ ಅಗ್ಗದ ಎಲ್‌ಇಡಿ ಬಲ್ಬ್ ಕೂಡ ಇದೇ ತೊಂದರೆ ಕೊಡುತ್ತದೆ.

ಮೋಟಾರ್ ಬರೀ ಗುಂಯ್ ಅನ್ನುತ್ತಿದ್ದರೆ, ಸ್ಪ್ರಿಂಗ್‌ನ ಸುರುಳಿಗಳ ನಡುವೆ ಬಿರುಕು ಕಂಡರೆ, ಉಕ್ಕಿನ ಹಗ್ಗದ ಎಳೆಗಳು ಬಿಚ್ಚಿಕೊಂಡಿದ್ದರೆ, ಸುಟ್ಟ ವಾಸನೆ ಬಂದರೆ ಒತ್ತುವುದನ್ನು ನಿಲ್ಲಿಸಿ, ಪ್ಲಗ್ ಕೀಳಿ, ರಿಪೇರಿಯವರನ್ನು ಕರೆಯಿರಿ. ಅವರು ಬರುವ ಮೊದಲು ರಿಲೇಯ ವೈರ್‌ಗಳನ್ನೂ ಬಿಡಿಸಿಡಿ. ಅವರು ಹಳಿಯ ಮೇಲೆ ಕೈಯಿಟ್ಟಿರುವಾಗ ಫೋನಿನಿಂದ ಯಾರೂ ಬಾಗಿಲು ಓಡಿಸುವಂತಿರಬಾರದು.